ಕರೆ

ನಮ್ಮ ಕಡೆ ಕರೆ ಎಂದರೆ ಕೋಣ ಓಡುವ ಗದ್ದೆ.
ಘಟ್ಟದ ಮೇಲಿನವರಿಗೆ ಕೂಗು, ಹೇಳಿಕೆ.
ನನಗೆ, ಮೂವತ್ತೊಂದು ವರ್ಷ
ಇವರ ಬಿಳಿ ಪಂಚೆ ಒಗೆದವಳಿಗೆ,
ಗೇರುಹಣ್ಣಿನದಕ್ಕಿಂತ ಹಟಮಾರಿ,
ಸೋಪಿಗೂ ಬಿಸಿಲಿಗೂ ಜಗ್ಗದ ಕೆಸರಿನ ಕರೆ.

ಶಿರ್ವದ ನಮ್ಮ ಮನೆಯಲ್ಲಿ ಹುರುಳಿ ಬೇಯುವುದು
ಮೊದಲು ಕೊಟ್ಟಿಗೆಗೆ.
ಅಲ್ಲಿ ಎರಡು ಫ್ಯಾನು. ನಮ್ಮ ಕೋಣೆಯದು
ಕಳೆದ ಮೇ ತಿಂಗಳಿಂದ ಕಿರುಗುಟ್ಟುತ್ತಿದೆ.
ನನ್ನ ಬಳೆಗಳು ಸೊಸೈಟಿ ಬ್ಯಾಂಕಿನಲ್ಲಿ
ಎರಡು ಸಲ ನಿದ್ದೆ ಮಾಡಿ ಬಂದಿವೆ.
ಅಣ್ಣಿ ಪೂಜಾರಿ ಬೊಗ್ಗುವಿನ ಬೆನ್ನಿಗೆ ಎಣ್ಣೆ ತಿಕ್ಕುವಾಗ
ಆಲ್ಬನ್ ಸ್ಟೂಲು ಹಾಕಿ ಕೂತು ನೋಡುತ್ತಾರೆ,
ಮದುವೆಯ ವರ್ಷ ನನ್ನನ್ನು ನೋಡಿದ ಹಾಗೆ
ಎಂದರೆ ಸುಳ್ಳಾದೀತು.
ಹಾಗೆ ನೋಡಿದ್ದು ನನಗೆ ನೆನಪಿಲ್ಲ.

ಹೊರಡುವ ದಿನ ಫಾದರ್ ಬಂದು ತೀರ್ಥ ಚಿಮುಕಿಸಿದರು.
ಕಾಟಿ ಸೀನಿತು.
ದೈವಸ್ಥಾನಕ್ಕೂ ಒಂದು ತೆಂಗಿನಕಾಯಿ ಹೋಯಿತು, ಅಣ್ಣಿಯ ಕೈಯಲ್ಲಿ.
ಫಾದರಿಗೆ ಯಾರೂ ಹೇಳಲಿಲ್ಲ,
ಫಾದರೂ ಕೇಳಲಿಲ್ಲ.

ನಾನು ಹೋದವಳಲ್ಲ, ಒಮ್ಮೆಯೂ.
ಈ ಸಲ ಇವರು ಬಿ.ಪಿ. ಮಾತ್ರೆ ಬಿಟ್ಟು ಹೋಗಿದ್ದರು,
ಫ್ರಿಜ್ಜಿನ ಮೇಲೆ, ಲೋಟದ ಪಕ್ಕ.
ಕೊಟ್ಟು ಬರುವ ಎಂದು ರಿಕ್ಷಾ ಹಿಡಿದೆ.
ಅಷ್ಟೇ.

ರಾತ್ರಿ ಎರಡೂವರೆ.
ಬೆಳಕೋ ಬೆಳಕು, ಹಗಲಿಗಿಂತ ಬೆಳ್ಳಗೆ.
ಚರುಮುರಿ, ಸೋಡ, ಎಣ್ಣೆ, ಸಗಣಿ, ಸಾವಿರ ಜನರ ಬೆವರು.
ಪಕ್ಕದಲ್ಲಿ ನಿಂತ ಹುಡುಗ, ಹತ್ತನೆಯ ತರಗತಿ ಇರಬೇಕು,
ಬೊಗ್ಗು ಯಾರ ಹಟ್ಟಿಯಿಂದ ಯಾರ ಹಟ್ಟಿಗೆ ಬಂದ,
ಯಾವ ಕರೆಯಲ್ಲಿ ಎಷ್ಟು ಸೆಕೆಂಡಿಗೆ ಓಡಿದ,
ಮಗ್ಗಿಯ ಹಾಗೆ ಒಪ್ಪಿಸಿದ.
“ಕೋಣ ನಿಮ್ಮದಾ, ಆಂಟೀ?”
“ನಮ್ಮದು” ಎಂದೆ.
ಹೇಳಿದ ಮೇಲೆ ನನಗೇ ಕೇಳಿಸಿತು.

ಹಗ್ಗ ಕಿರಿಯ. ಸೆಮಿಫೈನಲ್. ನಾವು ಎಡ ಕರೆ.

ಬಿಟ್ಟದ್ದು ನಾನು ಕಾಣಲಿಲ್ಲ.
ಜನ ಉಸಿರು ಎಳೆದುಕೊಂಡದ್ದು ಕೇಳಿತು,
ಆಮೇಲೆ ನೀರೇ ಎದ್ದು ಓಡಿ ಬಂತು.
ನೀರಿನೊಳಗೆ ನಾಲ್ಕು ಕೊಂಬು,
ಹಿಂದೆ ಹಗ್ಗ ಕಚ್ಚಿದಂತೆ ಯತಿರಾಜನ ಹಲ್ಲು.
ಹನ್ನೊಂದು ಸೆಕೆಂಡು.
ಅಷ್ಟರಲ್ಲಿ ಒಂದು ನಮಾನ್ ಮರಿಯೆ ಮುಗಿಯುವುದಿಲ್ಲ,
ಶುರು ಮಾಡಿದ್ದೆ, ಅರ್ಧಕ್ಕೆ ಬಿಟ್ಟು
ಬೊಗ್ಗೂ ಎಂದು ಕೂಗಿದೆ.
ನನ್ನ ದನಿಯಲ್ಲ ಅದು. ಸಂಜೆ ಹೊಳೆಯಾಚೆ ಆಡುತ್ತಿದ್ದ
ಏಳು ಮಕ್ಕಳನ್ನು ಒಂದೇ ಉಸಿರಿಗೆ
ಮನೆಗೆ ತರಿಸುತ್ತಿದ್ದ ನನ್ನ ಅಮ್ಮನದು.

ಮಂಜೊಟ್ಟಿಯ ಹತ್ತಿರ ಎಲ್ಲ ಕಲಸಿಹೋಯಿತು.

ಹನ್ನೊಂದು ನಲವತ್ತೆರಡು. ಹನ್ನೊಂದು ನಲವತ್ತನಾಲ್ಕು.
ಮೈಕಿನವನು ಎರಡೆರಡು ಸಲ ಹೇಳಿದ,
ಒಂದು ಸಲ ಸಾಲದು ಎಂಬಂತೆ.
ನಲವತ್ತನಾಲ್ಕು ನಮ್ಮದು.

ಆಲ್ಬನ್ ಮುಂಡಾಸು ಬಿಚ್ಚಿ ಮುಖ ಒರೆಸಿಕೊಂಡರು.
ತಿರುಗಿ ನನ್ನನ್ನು ಕಂಡರು.
ನೀನು ಇಲ್ಲಿ? ಎಂಬ ಹಾಗೆ ಹುಬ್ಬು.
ಮಾತ್ರೆ ಕೊಡಲು ಮುಷ್ಟಿ ಬಿಡಿಸಿದರೆ
ಅಂಗೈಯಲ್ಲಿ ಬರೀ ಹುಡಿ.
ಅದನ್ನೇ ನೆಕ್ಕಿದರು.

ಬೊಗ್ಗುವಿಗೆ ಸೋತದ್ದು ಯಾರೂ ಹೇಳಿರಲಿಲ್ಲ.
ನಿಂತು ಹೊಗೆಯಾಡುತ್ತಿತ್ತು,
ಕಣ್ಣು ಹುರುಳಿಯ ಬಾಲ್ದಿಯ ಮೇಲೆ.

ಸೋಮವಾರ ಪಂಚೆಗೆ ನೀಲಿ ಹಾಕಿದೆ.
ನನ್ನ ಸೀರೆಯ ಅಂಚಿಗೂ ಹತ್ತಿತ್ತು, ಆಮೇಲೆ ನೋಡುವ ಎಂದು ಬಿಟ್ಟೆ.
ಒಳಗೆ ಇವರು ಮೊಬೈಲಿನಲ್ಲಿ ಅದೇ ಹನ್ನೊಂದು ಸೆಕೆಂಡನ್ನು
ಇಪ್ಪತ್ತನೆಯ ಸಲ ಓಡಿಸುತ್ತಿದ್ದರು.
“ಕಾಟಿಯ ಗೊರಸು ಜಾರಿತು, ನೋಡು ಇಲ್ಲಿ.”
ಒದ್ದೆ ಕೈಯಲ್ಲೇ ಹೋಗಿ ನೋಡಿದೆ.
“ಗೊರಸಲ್ಲ” ಎಂದೆ,
“ಯತಿರಾಜ ಹಗ್ಗ ಸಡಿಲ ಬಿಟ್ಟ.
ಹಿಂದೆ ಮಾಡಿ. ಇನ್ನೂ ಸ್ವಲ್ಪ ಹಿಂದೆ.
ಹಾಂ,
ಇಲ್ಲಿ.”