ನಾಲ್ಕನೇ ಹಾಡಿನ ಪೊರಕೆ

ರೆಕಾರ್ಡು ಬಂತು.
ಟಪಾಲಿನಲ್ಲಲ್ಲ, ಬಾಗಿಲ ಹಿಡಿಗೆ ಸಿಕ್ಕಿಸಿದ ಕಾಗದದ ಚೀಲದಲ್ಲಿ,
ಜೊತೆಗೆ ಎರಡು ಚೀಸ್ ರೋಲ್, ಇನ್ನೂ ಬೆಚ್ಚಗೆ.
'ಮೂರು ಒದ್ದೆ ಕಾಲುಚೀಲ' ಎಂದು ತಂಡದ ಹೆಸರು.
ಇರುವುದು ನಾಲ್ವರು.
ಇದೇನಪ್ಪಾ ಲೆಕ್ಕ ಅಂತ ಹಿಂದೊಮ್ಮೆ ಮೆಟ್ಟಿಲಲ್ಲಿ ಕೇಳಿದ್ದೆ.
"ನಾಲ್ಕನೆಯದು ಒಣಗಿತು" ಅಂದಳು ಇಶ್ಬೆಲ್, ನಗದೆ.

ಪೋರ್ಟ್ ಚಾಮರ್ಸ್‌ನಲ್ಲಿ ಮನೆಗಳು
ಒಂದರ ಹೆಗಲ ಮೇಲೊಂದು ಹತ್ತಿ ಬಂದರನ್ನು ಇಣುಕುತ್ತವೆ.
ನಾನು ಕೆಳಗೆ, ಅವರು ಮೇಲೆ,
ನಡುವೆ ಒಂದಂಗುಲ ರಿಮು ಹಲಗೆ,
ಆರು ವರ್ಷದ ಜಗಳ.

ಏನೇನು ಬಾರಿಸಲಿಲ್ಲ ಅವರು!
ಬೇಯಿಸಿದ ಮೊಟ್ಟೆ ಕೊಯ್ಯುವ ತಂತಿ,
ಮುಚ್ಚಿದ ಇಗರ್ಜಿಯೊಂದರ ಉಬ್ಬಸದ ಆರ್ಗನ್,
ನೀರು ತುಂಬಿದ ಗಂಬೂಟು.
ಡೌಗಲ್‌ನ ಫ್ರಿಜ್ಜು ಗುಂಯ್‌ಗುಡುವ ಶ್ರುತಿಗೆ
ಉಳಿದದ್ದೆಲ್ಲ ಹೊಂದಿಕೊಳ್ಳಬೇಕಂತೆ.
ಫ್ರಿಜ್ಜು ಸುಮ್ಮನಾದರೆ ಹಾಡೂ ಸುಮ್ಮನೆ.
ಅದು ಮತ್ತೆ ನಡುಗಿ ಎದ್ದಿತೋ, ಮೊದಲಿನಿಂದ.
ಹಾಡಿದ್ದೇ ಹಾಡೋ ಕಿಸಬಾಯಿ ದಾಸರು,
ಅದೂ ರಾತ್ರಿ ಹನ್ನೊಂದಕ್ಕೆ.

ನನ್ನದು ಪೊರಕೆ.
ಹಿಡಿ ಮೇಲೆ ಮಾಡಿ ಹಲಗೆಗೆ ಕುಟ್ಟುತ್ತಿದ್ದೆ:
ಧಡ್. ಧಡ್. ಧಡ್ ಧಡ್.
ಬಣ್ಣದ ಚಕ್ಕೆ ಉದುರಿ ಚಹಾಕ್ಕೆ ಬೀಳುತ್ತಿತ್ತು.
ಮೇಲೆ ಒಂದು ಗಳಿಗೆ ಮೌನ,
ಆಮೇಲೆ ಮೆಲ್ಲಗೆ ಮತ್ತದೇ.
ಒಮ್ಮೆ ನಗರಸಭೆಗೂ ಬರೆದೆ. ಅವರು ರಸೀದಿ ಕಳಿಸಿದರು.

ಈಗ ರೆಕಾರ್ಡು ಬಂದಿದೆ, ಬಟಾಣಿ ಹಸಿರು.
ಹೊದಿಕೆಯ ಮೇಲೆ ನಮ್ಮದೇ ಮೆಟ್ಟಿಲು.
ಹೆಸರು: 'ಕೆಳಗಿನವರು ಕ್ಷಮಿಸಬೇಕು'.
ಕ್ಷಮಿಸುವ ಉದ್ದೇಶ ನನಗಿರಲಿಲ್ಲ.
ಬ್ರಿಸ್ಬೇನಿಗೆ ಹೋದ ತಂಗಿ ಬಿಟ್ಟ ಪ್ಲೇಯರಿನ ಧೂಳು ಒರೆಸಿ,
ತಪ್ಪುಗಳ ಪಟ್ಟಿ ಮಾಡೋಣವೆಂದು
ಕನ್ನಡಕ, ಪೆನ್ಸಿಲು ಹಿಡಿದು ಕೂತೆ.

ಮೊದಲ ಹಾಡಿನಲ್ಲಿ ಒಂದು ಸೀಲ್
ಬಸ್ ನಿಲ್ದಾಣದಲ್ಲಿ ಮಲಗಿ ಯಾರನ್ನೂ ಹತ್ತಗೊಡದು.
ಎರಡನೆಯದು ದಂತವೈದ್ಯನ ಮೇಲಿನ ಪ್ರೇಮ;
ಬಾಯಿ ತೆರೆದೇ ಹಾಡಿದ್ದು, ವ್ಯಂಜನವೇ ಇಲ್ಲ.
ಮೂರನೆಯದರಲ್ಲಿ ಮೆರೆಆನಾ ಚಿಪ್ಪು ಎಣಿಸುತ್ತಾಳೆ
ಅಜ್ಜಿಯ ಮಾತಿನಲ್ಲಿ: ತಹಿ, ರುಆ, ತೊರು.
ತೊರು ಆದಮೇಲೆ ಅಲೆಯೊಂದು ಬಂದು ಎಲ್ಲ ಕಲಸುತ್ತದೆ,
ಅವಳು ಬೇಸರವಿಲ್ಲದೆ ಮತ್ತೆ ತಹಿ ಅನ್ನುತ್ತಾಳೆ.
ಪಟ್ಟಿಯಲ್ಲಿ ಇನ್ನೂ ಏನೂ ಬರೆದಿರಲಿಲ್ಲ ನಾನು.

ನಾಲ್ಕನೆಯದು.
ಫ್ರಿಜ್ಜು. ಅದರ ಮೇಲೆ ಇಶ್ಬೆಲಳ ಕೀರಲು ಕೊರಳು.
ಆಮೇಲೆ ಆಳದಲ್ಲೆಲ್ಲೋ, ನೆಲದಡಿಯಿಂದ,
ಧಡ್. ಧಡ್. ಧಡ್ ಧಡ್.

ಎದ್ದು ನೋಡಿದೆ. ಪೊರಕೆ ಮೂಲೆಯಲ್ಲೇ ಇತ್ತು.

ಮೂವತ್ತೊಂದು ವರ್ಷ ಈ ಬಂದರಿನಲ್ಲಿ
ಉಣ್ಣೆಯ ಮೂಟೆ ಎಣಿಸಿದವನು ನಾನು.
ನಾಲ್ಕು ಮೂಟೆಗೆ ನಾಲ್ಕು ಗೀಟು, ಐದನೆಯದಕ್ಕೆ ಅಡ್ಡಗೀಟು;
ಮಳೆ ಬಂದರೆ ಸೀಮೆಸುಣ್ಣ ತೊಳೆದುಹೋದೀತೆಂದು
ಬೂಟಿನಿಂದಲೂ ಎಣಿಸುತ್ತಿದ್ದೆ.
ಆಮೇಲೆ ಕಬ್ಬಿಣದ ಪೆಟ್ಟಿಗೆಗಳು ಬಂದವು,
ಅವನ್ನು ಯಂತ್ರ ಎಣಿಸಿತು.
ನನಗೆ ಗಡಿಯಾರ ಕೊಟ್ಟು, ಕೈ ಕುಲುಕಿ ಕಳಿಸಿದರು;
ಸಾಕು ಎಂದು ಕೈಗೆ ಮಾತ್ರ ಯಾರೂ ಹೇಳಲಿಲ್ಲ.

ಹೊದಿಕೆ ತಿರುವಿದೆ. ಇರುವೆ ಸಾಲಿನಂಥ ಅಕ್ಷರ.
ಆರ್ಗನ್ ಇಂಥವಳು, ಗಂಬೂಟು ಇಂಥವನು,
ಫ್ರಿಜ್ಜು: ಫ್ರಿಜ್ಜು.
ಕಟ್ಟಕಡೆಗೆ,
"ಪೊರಕೆ: ಶ್ರೀ ಟ್ವೀಡೇಲ್, ಕೆಳಮನೆ.
ಆರು ವರ್ಷದಲ್ಲಿ ಒಮ್ಮೆಯೂ ತಾಳ ತಪ್ಪಿಲ್ಲ."

ಒಂಬತ್ತನೇ ಹಾಡು ಕೆಟ್ಟದ್ದು. ಅದನ್ನು ಹೇಳಲೇಬೇಕು.
ಅವರು ವಾಪಸು ಬಂದಮೇಲೆ ಹೇಳುತ್ತೇನೆ;
ಇನ್ವರ್‌ಕಾರ್ಗಿಲ್ಲಿಗೆ ವ್ಯಾನು ಕಟ್ಟಿಕೊಂಡು ಹೋಗಿದ್ದಾರಂತೆ,
ಫ್ರಿಜ್ಜಿಗೂ ಸೀಟ್‌ಬೆಲ್ಟ್ ಹಾಕಿ.

ರಾತ್ರಿ ಹನ್ನೊಂದು. ಮೇಲೆ ಸದ್ದಿಲ್ಲ.
ಹಲಗೆ ಬರೀ ಹಲಗೆ.
ನಾಲ್ಕನೆಯದಕ್ಕೆ ಮತ್ತೆ ಮುಳ್ಳಿಟ್ಟೆ, ಸ್ವಲ್ಪ ಜೋರಾಗಿಯೇ.
ಎರಡು ಸಲ. ಮೂರು.

ಪಕ್ಕದ ಮನೆಯ ಶ್ರೀಮತಿ ಆರ್ಕಿಸ್ಟನ್
ಗೋಡೆ ಕುಟ್ಟತೊಡಗಿದರು, ಬಹುಶಃ ಚಪ್ಪಲಿಯಲ್ಲಿ.
ಅರ್ಧ ಮಾತ್ರೆ ಹಿಂದಿದ್ದಾರೆ.
ಕಲಿಯುತ್ತಾರೆ.