ನೆಲ ಅಳಿಸಿದ ಮೇಲೆ

ಫಿನ್ಲೆಂಡಿನ ಔಲು. ಜನವರಿ. ಮೂರು ಗಂಟೆಗೇ ಕತ್ತಲು.
ತುಯಿರೆಯ ಅಡುಗೆಮನೆ ಮೇಜಿನ ಮೇಲೆ
ಹನ್ನೊಂದು ವರ್ಷದ ನಕಾಶೆ, ಮಡಿಕೆಗಳಿಗೆಲ್ಲ ಟೇಪು.
ಡ್ರ್ಯಾಗನ್ನು ಸಾಕು, ಅಂದಿದ್ದರು ಆಟದ ಗೆಳೆಯರು,
ನಕ್ಷತ್ರಗಳ ಕಡೆ ಹೋಗೋಣ.

ಊರು ಬಿಟ್ಟು ಹೋಗಲು ಅವಳಿಗೆ ಮನಸ್ಸಿಲ್ಲ.
ರಬ್ಬರು ಹಿಡಿದು ಕೂತಳು.
ಮೊದಲು ನೆಲವನ್ನೇ ಅಳಿಸಿದಳು.

ನದಿ ಇದ್ದಲ್ಲಿ ಏನೂ ಇಲ್ಲ.
ದೋಣಿಯವನ ಹುಟ್ಟು ಹೋಗಿ ಕೈಗೆ
ಗ್ಯಾಸಿನ ಪಿಚಕಾರಿ ಬಂತು; ಬೈಗುಳ ಹಳೆಯವೇ.
ಕೋಟೆಬಾಗಿಲು ಈಗ ಎರಡು,
ಒಂದು ಮುಚ್ಚದೆ ಇನ್ನೊಂದು ತೆರೆಯದು.
ಸುಂಕದವನನ್ನು ಮುಟ್ಟಲಿಲ್ಲ. ಅವನ ಮುಂದೆ
ಸುಖದುಃಖ ಹೇಳಿಕೊಂಡರೆ ಎಲ್ಲಿಯಾದರೂ ಅಷ್ಟೇ.

ಬಾಗಿಲ ಬಳಿಯ ಭಿಕ್ಷುಕಿ ಚಿಲ್ಲರೆ ಕೇಳುವುದಿಲ್ಲ:
"ಅರ್ಧ ನಿಮಿಷದ ಉಸಿರಿದ್ದರೆ ಕೊಡಪ್ಪಾ."
ಇದನ್ನು ಬರೆದವಳೇ ಎದ್ದು ಹೋಗಿ
ಕಿಟಕಿಯನ್ನು ಒಂದು ಬೆರಳಷ್ಟು ತೆರೆದಳು.
ಹೊರಗೆ ಮೈನಸ್ ಇಪ್ಪತ್ತೆರಡು.

ಉಳಿದದ್ದು ಬಾವಿ.
ಎಂಟು ವರ್ಷದ ಹಿಂದೆ ಆರ್ತೊ ಅದಕ್ಕೊಂದು ಕಲ್ಲು ಹಾಕಿ,
ಸದ್ದು ಕೇಳಿತಾ, ಎಂದು ದಾಳ ಉರುಳಿಸಿದ್ದ.
ಇಪ್ಪತ್ತು ಮುಖಗಳಲ್ಲಿ ಒಂದು ಬಿದ್ದಿತ್ತು.
ಕೇಳಲಿಲ್ಲ, ಅಂದಿದ್ದಳು.
ಬಾವಿಯನ್ನು ಇದ್ದಂತೆಯೇ ಬಿಟ್ಟಳು, ಹಗ್ಗ ಸಮೇತ.

ಶನಿವಾರ ಐವರೂ ಬಂದರು, ಬೂಟಿನ ಹಿಮ ಕೊಡವಿ.
ಎರಡು ತಾಸು ಸುಂಕದವನೊಡನೆಯೇ ಕಳೆಯಿತು.
ಆಮೇಲೆ ಬಾವಿ ಇಣುಕಿದರು.
ಒಳಗಿಂದ ಏನೋ ಮೇಲೆ ಬರುತ್ತಿದೆ, ಅಂದಳು, ನಿಧಾನ.
ಆರ್ತೊನ ಮೂಗಿನ ಮಟ್ಟಕ್ಕೆ ಬಂದು ತೇಲಿತು
ಅವನದೇ ಕಲ್ಲು.

ದಾಳ ಹಾಕಲಾ, ಅಂತ ಕೇಳಿದ.
ಬೇಡ, ಅಂದಳು. ಹಿಡಿದುಕೋ.