ಒಂದು ನೂಲು ಸೊಟ್ಟ

ದಿವಾಡಿಗೆ ದಾಟುವ ಫೆರಿಯಲ್ಲಿ
ನಡೆದು ಬಂದವರಿಗೆ ಕಾಸಿಲ್ಲ ಎಂದರೆ
ಫಕೀರವ್ವತ್ತಿ ನಂಬಲಿಲ್ಲ.
ಹತ್ತರ ನೋಟು ಅವಳ ಮುಷ್ಟಿಯಲ್ಲಿ
ಆಚೆ ದಡದ ತನಕ ಬೆವೆಯುತ್ತಿತ್ತು.

ನಾನು ವಾಸ್ಕೋದಲ್ಲಿ ಟೈಲ್ಸ್ ಕೂರಿಸುವವನು.
ಈ ಇಗರ್ಜಿಯ ನೆಲದ ಮೇಲೆ ಹೋದ ಬೇಸಿಗೆ
ಹನ್ನೆರಡು ದಿನ ಬಗ್ಗಿದ್ದೆ.
ಆ ಗುರುತಿಗೆ ಕಾಯ್ತಾನ್ ಬೀಗ ತೆಗೆದ,
ಹಬ್ಬದ ದಿನವಲ್ಲದಿದ್ದರೂ.

ಬೆಳ್ಳಿಯ ಒಂದು ಕೈ, ಬೆರಳು ಮೇಲಕ್ಕೆ.
ಮುಂಗೈಯಲ್ಲಿ ಒಂದು ಗೇಣು ಗಾಜು,
ಒಳಗೆ ಹಳೇ ಬೆಲ್ಲದ ಬಣ್ಣದ ಎಲುಬು.
ಯಾರದು?
ಸಂತರದು, ಎಂದ ಕಾಯ್ತಾನ್.
ಹೆಸರಿನ ಚೀಟಿಯನ್ನು ಅವನಜ್ಜನ ಕಾಲಕ್ಕೇ
ಗೆದ್ದಲು ಓದಿ ಮುಗಿಸಿತ್ತು.

ಮುತ್ತಿಟ್ಟ ಮೇಲೆ ಒರೆಸಲು
ಬಿಳಿ ಬಟ್ಟೆ ಹಿಡಿದು ನಿಂತ.
ಅತ್ತಿ ಮುತ್ತಿಡಲಿಲ್ಲ. ಕನ್ನಡಕ ಹಣೆಗೇರಿಸಿ
ಗಾಜಿಗೆ ಮೂಗು ತಾಗುವಷ್ಟು ಬಾಗಿ,
ಬಿದಿರ ದಬ್ಬೆ, ಮೊಟ್ಟೆಯ ಬಿಳಿ, ಉದ್ದಿನ ಹಿಟ್ಟಿನಿಂದ
ನರಗುಂದದ ಸುತ್ತ ಏಳು ಹಳ್ಳಿಯ ಕೈಕಾಲು ಕಟ್ಟಿದ
ತನ್ನ ಹೆಬ್ಬೆರಳನ್ನು
ಗಾಳಿಯಲ್ಲೇ ಎಲುಬಿನುದ್ದಕ್ಕೂ ಒಯ್ದು
ನಡುವೆ ಒಂದು ಕಡೆ ನಿಲ್ಲಿಸಿದಳು.

‘ಇಲ್ಲಿ ಮುರದೈತಿ.’

ನಾನು ಅತ್ತಿತ್ತ ನೋಡಿದೆ.
‘ಸತ್ತ ಮ್ಯಾಲ ಅಲ್ಲೋ. ಸಣ್ಣಾಂವ ಇದ್ದಾಗ,
ಹತ್ತೋ ಹನ್ನೊಂದೋ. ಗಿಡಾ ಹತ್ತಿ ಬಿದ್ದಾನ.
ಗಂಟು ನೋಡು, ಹೆಂಗ ಕೂಡೇತಿ.
ಕಟ್ಟಿದಾಕಿ ಶಾಣ್ಯಾಕಿ. ಖರೆ, ಎಂಟು ದಿನ ಮೊದಲ ಬಿಚ್ಯಾಳ.
ಅದಕ್ಕ ಒಂದು ನೂಲು ಸೊಟ್ಟ.’

ಕೊಂಕಣಿಯಲ್ಲಿ ಹೇಳಿದೆ, ಸೊಟ್ಟ ಎಂಬುದನ್ನು ಬಿಟ್ಟು.
ಕಾಯ್ತಾನ್ ಬಟ್ಟೆಯನ್ನು ಮಡಿಸಿದ, ಬಿಚ್ಚಿದ,
ಮೂವತ್ತು ವರ್ಷ ಒರೆಸಿದ ಗಾಜಿಗೆ
ಆಗಷ್ಟೇ ಕಣ್ಣು ಹಚ್ಚಿದ.
ಪವಾಡಗಳೆಲ್ಲ ಅವನಿಗೆ ಬಾಯಿಪಾಠ:
ಮುಳುಗದ ಹಡಗು, ಊರ ಹೊರಗೇ ತಿರುಗಿದ ಪ್ಲೇಗು,
ಮಾತು ಬಂದ ಮೂಕಿ.
ಗಿಡದಿಂದ ಬಿದ್ದದ್ದು ಅದರಲ್ಲಿ ಇರಲಿಲ್ಲ.
‘ಯಾವ ಗಿಡ?’ ಎಂದು ಕೇಳಿದ ನನ್ನನ್ನು,
ನನಗೆ ಗೊತ್ತಿರಬೇಕು ಎಂಬಂತೆ.

ಅತ್ತಿ ಆಗ ಕೈ ಮುಗಿದಳು,
ಅವಸರದಲ್ಲಿ, ಬಸ್ಸು ತಪ್ಪೀತೆಂಬಂತೆ.

ಮರಳುವಾಗ ಹೊಳೆಗೆ ಇಳಿತ.
ಕೆಸರಲ್ಲಿ ಕಾಂಡ್ಲಾ ಗಿಡಗಳ ಬೇರು
ಬೆರಳು ಮೇಲಕ್ಕೆ ಮಾಡಿ ನಿಂತಿದ್ದವು.
ಅತ್ತಿಯ ಮುಷ್ಟಿ ಬಿಚ್ಚಿತ್ತು, ಖಾಲಿ.
ಡಬ್ಬಿಗೆ ಹಾಕಿದೆಯಾ, ಎಂದೆ. ಸಂತರಿಗೆ?

‘ಅವರಿಗ್ಯಾಕೋ, ಅವರಿಗೆ ಬೆಳ್ಳಿ ಐತಿ.
ಕಟ್ಟಿದಾಕಿಗೆ.
ಎಲುಬು ಕೂಡಿದ ಮ್ಯಾಲ
ಯಾರೂ ತಿರುಗಿ ಬರಂಗಿಲ್ಲ ಕೂಲಿ ಕೊಡಾಕ.’

ಆಮೇಲೆ ಸೆರಗು ತಲೆಗೆಳೆದು
ಇಂಜಿನ್ನಿನ ಪಕ್ಕ, ಬಿಸಿಗೆ ಬೆನ್ನು ಕೊಟ್ಟು ಕೂತಳು.